ತೊಳೆದು ಕುಡಿದ ಬಟ್ಟಲು

1979ರ ಮಾರ್ಚ್ ಹನ್ನೊಂದು, ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ರಾಚಯ್ಯ ಹಿರೇಮಠರು ಸ್ಯಾನ್ ಡಿಯಾಗೊದ ಕಾನ್ವಾಯ್ ಸ್ಟ್ರೀಟಿನ ಒಂದು ಪುಟ್ಟ ಜಪಾನಿ ಹೋಟೆಲಿನಲ್ಲಿ, ಉಂಡು ಮುಗಿಸಿದ ಬಟ್ಟಲಿಗೆ ಕೆಟಲಿನಿಂದ ಬಿಸಿನೀರು ಸುರಿದುಕೊಂಡು ಬಲಗೈಯ ನಾಲ್ಕು ಬೆರಳುಗಳಿಂದ ತೊಳೆಯುತ್ತಿದ್ದರು. ತೊಳೆದ ನೀರನ್ನು ಎರಡು ಗುಟುಕಿನಲ್ಲಿ ಕುಡಿದರು. ಆಮೇಲೆ ಬಟ್ಟಲಿನ ತಳವನ್ನು ಹೆಬ್ಬೆರಳಿನಿಂದ ಸುತ್ತಲೂ ಒರೆಸಿ, ಒಂದು ಹನಿಯೂ ಉಳಿಯದಂತೆ ಒಣಗಿಸಿ, ಕಟ್ಟೆಯ ಮೇಲಿಟ್ಟರು.

ಆ ಹೋಟೆಲಿನಲ್ಲಿದ್ದದ್ದು ಹತ್ತು ಸ್ಟೂಲು, ಒಂದು ಉದ್ದ ಕಟ್ಟೆ, ಕಟ್ಟೆಯಾಚೆ ಒಲೆ. ಒಲೆಯ ಮುಂದೆ ಅರವತ್ತಾರು ವರ್ಷದ ಮೊರಿಟಾ. ರಾಚಯ್ಯನವರ ಪಕ್ಕದಲ್ಲಿ ಉಂಡು ಎದ್ದು ಹೋದ ಮೂವರ ಬಟ್ಟಲುಗಳಲ್ಲಿ ಸಾರು ಅರ್ಧಕ್ಕರ್ಧ ಉಳಿದಿತ್ತು. ಮೊರಿಟಾ ಆ ಮೂರನ್ನೂ ಮೋರಿಗೆ ಸುರಿದು, ರಾಚಯ್ಯನವರ ಬಟ್ಟಲನ್ನು ಮಾತ್ರ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. ಇಬ್ಬರ ಇಂಗ್ಲಿಷೂ ಬೇರೆ ಬೇರೆ ದಾರಿಯಿಂದ ಬಂದದ್ದಾದ್ದರಿಂದ ಅವರು ಯಾವಾಗಲೂ ಚಿಕ್ಕ ಚಿಕ್ಕ ಮಾತಿನಲ್ಲೇ ಕೆಲಸ ಮುಗಿಸುತ್ತಿದ್ದರು. ಅವತ್ತು ಮಾತ್ರ ಮೊರಿಟಾ ಸ್ವಲ್ಪ ಉದ್ದ ಮಾತಾಡಿದರು.

ಎಂಟು ತಿಂಗಳಿಂದ ತನ್ನ ಸಾರು ಸರಿಯಾಗಿಲ್ಲ ಎಂದು ತನ್ನ ನಾಲಿಗೆ ಹೇಳುತ್ತಿದೆ ಎಂದರು. ಅಣಬೆಯನ್ನು ಮೂರು ಕಡೆಯಿಂದ ತರಿಸಿದ್ದಾಯಿತು, ಕಡಲ ಪಾಚಿಯನ್ನು ಎರಡು ಸಲ ಬದಲಾಯಿಸಿದ್ದಾಯಿತು. ವಯಸ್ಸಾಯಿತು, ನಾಲಿಗೆ ಸತ್ತಿತು, ಅಂಗಡಿ ಮುಚ್ಚೋಣ ಎಂದು ಎಷ್ಟೋ ಸಲ ಅನ್ನಿಸಿತಂತೆ. ಜನರೂ ಸಾರು ಬಿಟ್ಟೇ ಹೋಗುತ್ತಾರೆ. ಆದರೆ ನಿಮ್ಮ ಬಟ್ಟಲು ಪ್ರತಿ ಸಲ ಹೀಗಿರುತ್ತದೆ ಎಂದು ಅದನ್ನು ರಾಚಯ್ಯನವರ ಮುಂದೆ ಹಿಡಿದರು.

"ನಿಮ್ಮ ಸಾರಿಗೆ ಹಾಕುವುದು ಬರೀ ಪಾಚಿ, ಅಣಬೆ. ತಪ್ಪನ್ನು ಮುಚ್ಚಿಡಲು ಅದರಲ್ಲಿ ಎಲುಬಿಲ್ಲ, ಕೊಬ್ಬಿಲ್ಲ. ನೀವು ಅದನ್ನು ತೊಳೆದು ಕುಡಿಯುತ್ತೀರಿ. ಹಾಗಾದರೆ ಸಾರು ಸರಿಯಾಗಿದೆ, ತಪ್ಪು ನನ್ನ ನಾಲಿಗೆಯದು. ನಾಲಿಗೆ ಬಿಟ್ಟು ನನ್ನ ಕೈಯನ್ನು ನಂಬುತ್ತೇನೆ. ತಿಂಗಳ ಕೊನೆಗೆ ಅಂಗಡಿಯ ಐದು ವರ್ಷದ ಲೀಸ್‌ಗೆ ಸಹಿ ಹಾಕುತ್ತೇನೆ."

ರಾಚಯ್ಯನವರು ತಲೆ ಬಾಗಿಸಿದರು, ಹೊರಗೆ ಬಂದರು. ಕಾರಿನಲ್ಲಿ ಮಗಳು ಅನ್ನಪೂರ್ಣ ಪುಸ್ತಕ ಓದುತ್ತ ಕುಳಿತಿದ್ದಳು. ಅಪ್ಪ ಬಟ್ಟಲು ತೊಳೆಯುವ ಹೊತ್ತಿಗೆ ಅವಳು ಯಾವಾಗಲೂ ಎದ್ದು ಕಾರಿಗೆ ಬಂದುಬಿಡುತ್ತಿದ್ದಳು. ಸೆರಿಟೋಸ್‌ನ ಮನೆಯವರೆಗೆ ನೂರು ಮೈಲಿ, ಸುಮಾರು ಎರಡು ಗಂಟೆ. ಕಾರ್ಲ್ಸ್‌ಬಾಡ್ ದಾಟುವಾಗ ಅವಳು, "ಡ್ಯಾಡ್, ಯು ಫರ್ಗಾಟ್ ಟು ಟರ್ನ್ ಆಫ್ ದಿ ಬ್ಲಿಂಕರ್," ಎಂದಳು. ಏಳು ಮೈಲಿಯಿಂದ ಆ ತಿರುವಿನ ದೀಪ ಮಿನುಗುತ್ತಲೇ ಇತ್ತು.

ಅವರ ಚಿಂತೆ ಇಷ್ಟೆ: ಆ ಸಾರು ಎಂಟು ತಿಂಗಳಿಂದ ಸಪ್ಪೆಯಾಗಿತ್ತು. ಅದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು.

ರೋಣ ತಾಲೂಕಿನ ಒಂದು ಜಂಗಮ ಮನೆತನದಲ್ಲಿ ಹುಟ್ಟಿದವರು ರಾಚಯ್ಯ. ಉಣ್ಣುವ ಮುಂಚೆ ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡರೆ ತಾಟಿನಲ್ಲಿದ್ದದ್ದು ಪ್ರಸಾದವಾಗುತ್ತದೆ. ಪ್ರಸಾದದಲ್ಲಿ ಒಂದು ಅಗಳನ್ನೂ ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯಬೇಕು. ಇದನ್ನು ಕಲಿಸಿದವರು ಅವರ ತಾಯಿ ಬಸವ್ವ. ಅವರು ಇನ್ನೊಂದನ್ನೂ ಕಲಿಸಿದ್ದರು. ಆರು ವರ್ಷದ ರಾಚಯ್ಯ ಒಮ್ಮೆ ಸಾರಿಗೆ ಉಪ್ಪು ಕಮ್ಮಿ ಎಂದಾಗ, "ಪ್ರಸಾದಕ್ಕ ಹೆಸರಿಡಬಾರದು, ತಮ್ಮಾ," ಎಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ರಾಚಯ್ಯ ಯಾವ ಊಟಕ್ಕೂ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದವರಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಹೆಂಡತಿ ಜಯದೇವಿಗೆ ತನ್ನ ಅಡುಗೆಯ ಬಗ್ಗೆ ಗಂಡನ ಅಭಿಪ್ರಾಯ ಗೊತ್ತಿರಲಿಲ್ಲ. ತೊಳೆದ ತಾಟನ್ನೇ ಅವರು ಉತ್ತರವೆಂದುಕೊಂಡಿದ್ದರು.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, 1966ರಲ್ಲಿ ಅಮೆರಿಕಕ್ಕೆ ಓದಲು ಬಂದು, ಮರುವರ್ಷ ರಾಚಯ್ಯ ಲಾಸ್ ಏಂಜಲಿಸ್‌ನ ಒಂದು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದರು. ದಿನಕ್ಕೆ ನಲವತ್ತು ಸ್ಯಾಂಪಲ್. ನೀರಿನ ಗಡಸುತನ, ಕ್ಲೋರಿನ್, ಕಬ್ಬಿಣ. ಅವರು ಬರೆದ ಅಂಕಿಯನ್ನು ಇನ್ನೊಬ್ಬರು ತಿದ್ದಿದ್ದಿಲ್ಲ ಎಂದು ಆ ಲ್ಯಾಬಿನಲ್ಲಿ ಹೆಸರಿತ್ತು.

ಮೊರಿಟಾರ ಹಳೆಯ ಅಂಗಡಿ ಆ ಲ್ಯಾಬಿಗೆ ನಡೆದು ಹೋಗುವಷ್ಟು ಹತ್ತಿರ, ಜಪಾನಿಯರ ಓಣಿಯಲ್ಲಿತ್ತು. ಜಯದೇವಿ ಇನ್ನೂ ಊರಿನಲ್ಲೇ ಇದ್ದ ಕಾಲ. ದಿನಾ ಬ್ರೆಡ್ಡು, ಬಾಳೆಹಣ್ಣು ತಿಂದು ಬೇಸತ್ತ ರಾಚಯ್ಯ ಮೂರು ಶನಿವಾರ ಆ ಅಂಗಡಿಯ ಬಾಗಿಲವರೆಗೆ ಹೋಗಿ ಮರಳಿ, ನಾಲ್ಕನೆಯ ಶನಿವಾರ ಒಳಗೆ ಹೋಗಿ, ಮಾಂಸ ಮೀನು ಯಾವುದೂ ಇಲ್ಲದ್ದು ಏನಿದೆ ಎಂದು ಕೇಳಿದರು. ಬೇರೆ ಯಾರಾದರೂ ಮೇಲಿನ ಮಾಂಸದ ತುಂಡನ್ನು ತೆಗೆದು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಮೊರಿಟಾ ಹಾಗೆ ಮಾಡಲಿಲ್ಲ. ದೊಡ್ಡ ಪಾತ್ರೆಯನ್ನು ತೋರಿಸಿ, ಇದರಲ್ಲಿ ಹಂದಿಯ ಎಲುಬಿದೆ, ನಿಮಗಾಗದು ಎಂದರು. ಇಪ್ಪತ್ತು ನಿಮಿಷ ಕೂರಲು ಹೇಳಿ, ಬೇರೆ ಪಾತ್ರೆಯಲ್ಲಿ, ಎಲುಬು ಹಾಕುವ ಮುಂಚೆ ತೆಗೆದಿಟ್ಟಿದ್ದ ಪಾಚಿಯ ನೀರಿಗೆ ಒಣಗಿದ ಅಣಬೆ ಹಾಕಿ ಕುದಿಸಿದರು. ಅವರ ತಾಯಿಯ ತಿಥಿಯ ದಿನ ಮನೆಯಲ್ಲಿ ಅದನ್ನೇ ಮಾಡುತ್ತಾರಂತೆ. ಅವತ್ತಿನಿಂದ ರಾಚಯ್ಯನವರಿಗೆಂದೇ ಒಂದು ಪಾತ್ರೆ, ಒಂದು ಸೌಟು ಬೇರೆಯಾದವು.

ಆ ಮೊದಲ ದಿನ ರಾಚಯ್ಯ ಶಾವಿಗೆಯಂಥ ಆ ಎಳೆಗಳನ್ನು ಉಂಡು, ಸಾರು ಕುಡಿದು, ಅಭ್ಯಾಸದಂತೆ ಬಟ್ಟಲು ತೊಳೆದು ಆ ನೀರನ್ನೂ ಕುಡಿದಾಗ, ಕಟ್ಟೆಯಾಚೆ ಮೊರಿಟಾರ ಕೈ ನಿಂತೇಹೋಯಿತು. ಅವರ ಕಸುಬಿನಲ್ಲಿ ಗಿರಾಕಿ ಸಾರನ್ನು ತಳದವರೆಗೆ ಕುಡಿದರೆ ಅದೇ ದೊಡ್ಡ ಮರ್ಯಾದೆ. ತೊಳೆದು ಕುಡಿದವರನ್ನು ಅವರು ನೋಡಿರಲಿಲ್ಲ. ಕಟ್ಟೆ ಸುತ್ತಿ ಬಂದು ಸೊಂಟ ಬಾಗಿಸಿ ನಮಸ್ಕರಿಸಿದರು. ಹಿಂದೆ ಜನ ಸ್ಟೂಲಿಗಾಗಿ ಕಾದು ನಿಂತಿದ್ದರು. ಲಿಂಗ, ಜಂಗಮ, ಪ್ರಸಾದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ಹೊತ್ತು ಅದಾಗಿರಲಿಲ್ಲ. ರಾಚಯ್ಯ ನಕ್ಕು ಸುಮ್ಮನಾದರು. ಆ ಸಾರು ನಿಜವಾಗಿಯೂ ಚೆನ್ನಾಗಿದ್ದದ್ದರಿಂದ ಮುಂದಿನ ಹತ್ತು ವರ್ಷ ಆ ನಗುವಿನಿಂದ ಯಾರಿಗೂ ತೊಂದರೆಯಾಗಲಿಲ್ಲ.

1978ರಲ್ಲಿ ಹಳೆಯ ಕಟ್ಟಡವನ್ನು ಕೆಡವಿದರು. ಮೊರಿಟಾ ಸ್ಯಾನ್ ಡಿಯಾಗೊಗೆ ಹೋಗಿ ಹೊಸ ಅಂಗಡಿ ತೆರೆದರು. ರಾಚಯ್ಯ ತಿಂಗಳ ಎರಡನೆಯ ಭಾನುವಾರ ಅಲ್ಲಿಗೆ ಡ್ರೈವ್ ಮಾಡತೊಡಗಿದರು. "ಮಠಕ್ಕ ಹೊಂಟ್ರೇನು?" ಎಂದು ಜಯದೇವಿ ಚೇಷ್ಟೆ ಮಾಡುತ್ತಿದ್ದರು.

ಮಾರ್ಚ್ ಹನ್ನೊಂದರ ರಾತ್ರಿಯ ಊಟಕ್ಕೆ ಕುಳಿತಾಗ ರಾಚಯ್ಯ ಎಲ್ಲವನ್ನೂ ಹೆಂಡತಿಗೆ ಹೇಳಿದರು. ಹೇಳಿದರೆ ಆ ಮನುಷ್ಯ ಹನ್ನೊಂದು ವರ್ಷದಿಂದ ನಂಬಿದ್ದು ಸುಳ್ಳಾಗುತ್ತದೆ. ಹೇಳದಿದ್ದರೆ ಕೆಟ್ಟ ಸಾರಿನ ಮೇಲೆ ಐದು ವರ್ಷಕ್ಕೆ ಸಹಿ ಹಾಕುತ್ತಾರೆ, ತಮ್ಮ ಸರಿಯಾದ ನಾಲಿಗೆಯನ್ನು ಸತ್ತಿತೆಂದು ಬಿಟ್ಟುಕೊಡುತ್ತಾರೆ. ಪಾಚಿ ಬದಲಾಗಿದೆ, ಅಣಬೆ ಬದಲಾಗಿದೆ, ಕೈ ಅದೇ. ತಪ್ಪು ಎಲ್ಲಿದೆ ಎಂದು ತಿಳಿಯದೆ ತಪ್ಪಿದೆ ಎಂದಷ್ಟೇ ಹೇಳುವುದು ಹೇಗೆ?

ಜಯದೇವಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು.

"ಅಲ್ರೀ, ದಿನಾ ಬೆಳಗಾದ್ರ ನೀರು ನೀರು ಅಂತೀರಿ. ಆ ಮನಿಶಾ ಊರು ಬದಲ್ ಮಾಡ್ಯಾನ. ಅವನ ನೀರು ಬದಲ್ ಆಗಿಲ್ಲೇನು?"

ರಾಚಯ್ಯ ಬಾಯಿಗೆ ಒಯ್ದ ತುತ್ತನ್ನು ತಾಟಿಗಿಳಿಸಿದರು.

"ನಮ್ಮೂರಾಗ ಸವಳ ಬಾವಿ ನೀರಾಗ ಬ್ಯಾಳಿ ಇಟ್ರ ಸಂಜಿತನಕ ಕುದೀತೈತಿ, ಬೇಯಂಗಿಲ್ಲ," ಎಂದು ಜಯದೇವಿ ಮುಂದುವರಿಸಿದರು. "ಬ್ಯಾಳಿಗಂತ ಮೈಲಿ ದೂರ ಕೆರಿ ನೀರು ತರ್ತಿದ್ವಿ. ಪಾಚಿನೂ ಒಣಗಿಸಿದ್ದ, ಬ್ಯಾಳಿನೂ ಒಣಗಿಸಿದ್ದ. ಎಂ.ಎಸ್ಸಿ. ಬೇಕೇನು ಇದಕ್ಕ?"

ಹನ್ನೆರಡು ವರ್ಷ ಗಡಸುತನ ಅಳೆದವರಿಗೆ ಅದು ಹೊಳೆದಿರಲಿಲ್ಲ. ಲ್ಯಾಬಿನ ನೀರು ಅವರಿಗೆ ಸೀಸೆಯಲ್ಲಿ ಬರುತ್ತಿತ್ತು, ಸಾರು ಬಟ್ಟಲಿನಲ್ಲಿ. ಎರಡರ ನಡುವೆ ಅವರು ಗೆರೆ ಎಳೆದಿರಲಿಲ್ಲ.

ಮಂಗಳವಾರ ಅವರು ಅರ್ಧ ದಿನ ರಜೆ ಹಾಕಿದರು. ಕೆಲಸಕ್ಕೆ ಸೇರಿದಂದಿನಿಂದ ಕಾಯಿಲೆ ಇಲ್ಲದೆ ಹಾಕಿದ ಮೊದಲ ರಜೆ. ಸ್ಯಾನ್ ಡಿಯಾಗೊಗೆ ಹೋಗಿ, ಖಾತ್ರಿಯಾಗುವವರೆಗೆ ಮೊರಿಟಾರ ಮುಖ ನೋಡಬಾರದೆಂದು, ಅವರ ಅಂಗಡಿಯ ಪಕ್ಕದ ಗ್ಯಾಸ್ ಸ್ಟೇಷನ್ನಿನ ನಲ್ಲಿಯಲ್ಲಿ ಎರಡು ಗ್ಯಾಲನ್ ಕ್ಯಾನು ತುಂಬಿಸಿಕೊಂಡರು. ಅಲ್ಲಿಯವನು ರೇಡಿಯೇಟರ್ ಕಾದಿದೆಯೇ ಎಂದು ವಿಚಾರಿಸಿದ. ಸುಳ್ಳು ಹೇಳಲು ಬಾರದ ರಾಚಯ್ಯ, ಇಲ್ಲ, ಬೇಳೆ ಬೇಯಿಸಬೇಕು ಎಂದರು. ಅವನು ಮುಂದೆ ಕೇಳಲಿಲ್ಲ.

ಬುಧವಾರ ಲ್ಯಾಬಿನಲ್ಲಿ, ಊಟದ ಬಿಡುವಿನ ಅರ್ಧ ಗಂಟೆಯಲ್ಲಿ, ಎರಡೂ ಊರಿನ ನೀರಿನ ಗಡಸುತನ ಅಳೆದರು. ಪರೀಕ್ಷೆಯ ದ್ರಾವಣ ಬಿಟ್ಟಂತೆ ನೀರಿನ ಕೆಂಪು ಬಣ್ಣ ಹನಿಹನಿಗೂ ನೇರಳೆಯಾಗಿ, ಕೊನೆಗೆ ಒಂದು ಹನಿಗೆ ನೀಲಿಗೆ ತಿರುಗುವ ಆ ಕ್ಷಣವನ್ನು ಅವರು ಸಾವಿರಾರು ಸಲ ನೋಡಿದ್ದರು. ಲಾಸ್ ಏಂಜಲಿಸ್‌ನ ತಮ್ಮ ಲ್ಯಾಬಿನ ನಲ್ಲಿಯ ನೀರು, ಲೀಟರಿಗೆ 92 ಮಿಲಿಗ್ರಾಂ. ಸ್ಯಾನ್ ಡಿಯಾಗೊದ್ದು 268. ಆಫೀಸಿನ ರಿಜಿಸ್ಟರಿನಲ್ಲಿ ಬರೆಯದೆ ತಮ್ಮ ಸ್ವಂತ ಡೈರಿಯಲ್ಲಿ ಬರೆದುಕೊಂಡರು. ಉಳಿದ ನೀರಿನಲ್ಲಿ ಅವತ್ತು ಸಂಜೆ ಜಯದೇವಿ ತಮ್ಮ ಪರೀಕ್ಷೆ ಮಾಡಿದರು. ಒಂದೇ ಚೀಲದ ತೊಗರಿಬೇಳೆ, ಎರಡು ಪಾತ್ರೆ, ಎರಡು ಒಲೆ. ಲ್ಯಾಬಿನ ನೀರಿನ ಬೇಳೆ ನಲವತ್ತೆರಡು ನಿಮಿಷಕ್ಕೆ ಒಡೆದು ಬೆಣ್ಣೆಯಾಯಿತು. ಇನ್ನೊಂದು ಎಪ್ಪತ್ತು ನಿಮಿಷವಾದರೂ ಕಾಳು ಕಾಳಾಗಿಯೇ ಇತ್ತು. ಆ ರಾತ್ರಿ ರಾಚಯ್ಯ ಎರಡು ಸಾರನ್ನೂ ಉಂಡು ಎರಡು ಬಟ್ಟಲನ್ನೂ ತೊಳೆದು ಕುಡಿದರು. ಜಯದೇವಿ ಆ ಎರಡು ಬಟ್ಟಲುಗಳನ್ನು ಬಹಳ ಹೊತ್ತು ನೋಡಿದರು. ಎರಡೂ ಒಂದೇ ಥರ ಹೊಳೆಯುತ್ತಿದ್ದವು.

"ಹಂಗಾದ್ರ," ಎಂದರು ನಿಧಾನವಾಗಿ, "ಇಷ್ಟು ವರ್ಷ ನನ್ನ ಸಾರಿಂದೂ ಇದ ಕತಿ ಏನ್ರೀ?"

ರಾಚಯ್ಯ ಡೈರಿ ಹುಡುಕುವ ನೆವದಲ್ಲಿ ಒಳಗೆ ಹೋದರು.

ಮಾರ್ಚ್ ಹದಿನೆಂಟು ಎರಡನೆಯ ಭಾನುವಾರವಲ್ಲ. ಅವರು ಬಾಗಿಲಲ್ಲಿ ಕಾಣಿಸಿಕೊಂಡಾಗ ಮೊರಿಟಾ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನೋಡಿದರು. ಡಿಕ್ಕಿಯಲ್ಲಿ ಲಾಸ್ ಏಂಜಲಿಸ್‌ನ ನೀರಿನ ಐದು ಗ್ಯಾಲನ್ ಕ್ಯಾನಿತ್ತು. ಜೊತೆಗೆ ಜಯದೇವಿ ಬಂದಿದ್ದರು. ಮಾಂಸ ಬೇಯುವ ಆ ಅಡುಗೆಮನೆಯದನ್ನು ಅವರು ಉಣ್ಣುತ್ತಿರಲಿಲ್ಲ. ಕಟ್ಟೆಯ ಕೊನೆಗೆ ಕುಳಿತು ಬರೀ ಚಹಾ ತೆಗೆದುಕೊಂಡರು.

ದಾರಿಯುದ್ದಕ್ಕೂ ರಾಚಯ್ಯ ಯೋಚಿಸಿದ್ದು ಒಂದೇ. ಬಾಯಿಮಾತಿನಲ್ಲಿ ಹೇಳಿದರೆ ಮೊರಿಟಾ ಅದನ್ನು ಸೌಜನ್ಯವೆಂದುಕೊಳ್ಳುತ್ತಾರೆ, ಇಲ್ಲವೇ ನಂಬುವುದಿಲ್ಲ. ಯಾವ ಮಾಪಕವನ್ನಾದರೂ ನಂಬುವ ಮುಂಚೆ, ಉತ್ತರ ಗೊತ್ತಿರುವ ವಸ್ತುವಿನ ಮೇಲೆ ಅದನ್ನು ಪರೀಕ್ಷಿಸಿ ನೋಡಬೇಕು. ಗಿರಾಕಿಗಳು ಖಾಲಿಯಾಗುವವರೆಗೆ ಕಾದು, ಎರಡು ಗಂಟೆಗೆ ಬಾಗಿಲು ಮುಚ್ಚಿದ ಮೇಲೆ, ಎಳೆಗಳನ್ನು ಬೇಯಿಸಿದ ನೀರನ್ನೇ ಒಂದು ಬಟ್ಟಲು ಕೊಡಿ ಎಂದು ಕೇಳಿದರು.

ಮೊರಿಟಾ ಅರ್ಥವಾಗದೆ ನಿಂತರು. ಬೆಳಗಿನಿಂದ ಕುದಿದ, ಹಿಟ್ಟು ಬಿಟ್ಟು ಮಂದವಾದ ನೀರು ಅದು. ರಾಚಯ್ಯ ಮತ್ತೆ ಕೇಳಿದ ಮೇಲೆ ಒಂದು ಸೌಟು ಹಾಕಿ ಕೊಟ್ಟರು. ರಾಚಯ್ಯ ಕಣ್ಣು ಮುಚ್ಚಿ ಅಂಗಿಯ ಮೇಲಿನಿಂದಲೇ ಲಿಂಗವನ್ನು ಮುಟ್ಟಿಕೊಂಡು, ಆ ನೀರನ್ನು ಪೂರ್ತಿ ಕುಡಿದರು. ಹಪ್ಪಳಕ್ಕೆ ಹಾಕುವ ಕ್ಷಾರವನ್ನು ನೆಕ್ಕಿದಂತೆ ನಾಲಿಗೆ ಜಿಗಟುಗಟ್ಟಿತು. ಕೆಟಲಿನಿಂದ ಬಿಸಿನೀರು ಸುರಿದು, ನಾಲ್ಕು ಬೆರಳಿನಿಂದ ತೊಳೆದು, ಕುಡಿದು, ತಳ ಒರೆಸಿ, ಬಟ್ಟಲನ್ನು ಕಟ್ಟೆಯ ಮೇಲಿಟ್ಟರು.

ಮೊರಿಟಾ ಅದನ್ನು ಎತ್ತಿ ಬೆಳಕಿಗೆ ಹಿಡಿಯಲಿಲ್ಲ. ಹಿಡಿಯುವ ಅಗತ್ಯವಿರಲಿಲ್ಲ.

ರಾಚಯ್ಯ ಆಗ ಹೇಳಿದರು. ತಾಯಿಯ ಮಾತು, ಪ್ರಸಾದ, ಯಾವ ಊಟವಾದರೂ ತೊಳೆದು ಕುಡಿಯುವ ಪದ್ಧತಿ, ಎಲ್ಲವನ್ನೂ ಸಣ್ಣ ಸಣ್ಣ ವಾಕ್ಯದಲ್ಲಿ. 1968ರಲ್ಲಿ ಹೇಳಬೇಕಾಗಿತ್ತು, ಹೇಳಲಿಲ್ಲ, ತಪ್ಪು ತನ್ನದು ಎಂದರು. ಮೊರಿಟಾ ಒಲೆಯ ಕಡೆ ತಿರುಗಿ, ಆರಿಸಬೇಕಾಗಿಲ್ಲದ ಒಂದು ಒಲೆಯನ್ನು ಆರಿಸಿದರು.

"ಹನ್ನೊಂದು ವರ್ಷ," ಎಂದರು ಬೆನ್ನು ತಿರುಗಿಸಿಕೊಂಡೇ. "ಹಾಗಾದರೆ ಹನ್ನೊಂದು ವರ್ಷ ನೀವು ನನಗೆ ಏನೂ ಹೇಳಿಯೇ ಇಲ್ಲ."

"ಇಲ್ಲ."

"ನನ್ನ ಸಾರು ಕೆಟ್ಟಿದೆ."

"ಎಂಟು ತಿಂಗಳಿಂದ ಸಪ್ಪೆಯಾಗಿದೆ. ಅದಕ್ಕೆ ಮುಂಚೆ ಚೆನ್ನಾಗಿತ್ತು. ನಿಮ್ಮ ನಾಲಿಗೆ ಎರಡು ಸಲವೂ ಸರಿಯಾಗಿಯೇ ಹೇಳಿದೆ."

ಜಯದೇವಿ ಚಹಾದ ಕಪ್ಪನ್ನು ಸದ್ದಾಗದಂತೆ ಇಟ್ಟರು. ಆಮೇಲೆ ರಾಚಯ್ಯ ಹೊರಗೆ ಹೋಗಿ ಕ್ಯಾನನ್ನು ಎರಡೂ ಕೈಯಿಂದ ಎತ್ತಿ ತಂದು ಕಟ್ಟೆಯ ಪಕ್ಕದಲ್ಲಿಟ್ಟರು. ಇದು ನಿಮ್ಮ ಹಳೆಯ ಅಂಗಡಿಯ ನೀರು ಎಂದಷ್ಟೇ ಹೇಳಿದರು.

ಮೊರಿಟಾ ಕ್ಯಾನನ್ನು ನೋಡಿದರು, ತಮ್ಮ ನಲ್ಲಿಯನ್ನು ನೋಡಿದರು. ಕೈಬೊಗಸೆಯಲ್ಲಿ ಒಂದರಿಂದ ಸ್ವಲ್ಪ, ಇನ್ನೊಂದರಿಂದ ಸ್ವಲ್ಪ ಕುಡಿದು ನೋಡಿದರು. ಆಮೇಲೆ ಎರಡು ಚಿಕ್ಕ ಪಾತ್ರೆ ಇಳಿಸಿ, ಒಂದೊಂದರಲ್ಲಿ ಒಂದೊಂದು ನೀರು ಹಾಕಿ, ಒಂದೇ ಪಾಚಿಯನ್ನು ಸರಿಯಾಗಿ ಎರಡು ಪಾಲು ಮಾಡಿ ನೆನೆಹಾಕಿದರು. ಒಂದು ಗಂಟೆ ಕಾದರು. ಆಮೇಲೆ ಸಣ್ಣ ಉರಿಯಲ್ಲಿ ಕಾಯಿಸಿದರು. ಒಂದು ಪಾತ್ರೆಯ ನೀರು ತೆಳು ಹೊಂಬಣ್ಣಕ್ಕೆ ತಿರುಗಿತು. ಇನ್ನೊಂದು ಮಬ್ಬಾಗಿ, ಮೇಲೆ ಬಿಳಿ ಕೆನೆಯಂಥದ್ದು ಕಟ್ಟಿತು. ಮೂರು ಗಂಟೆ ಐವತ್ತು ನಿಮಿಷಕ್ಕೆ ಮೊರಿಟಾ ಹೊಂಬಣ್ಣದ್ದನ್ನು ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಮೂಗನ್ನು ತೋಳಿನಿಂದ ಒರೆಸಿಕೊಂಡು, ಎರಡನೆಯ ಚಮಚ ತೆಗೆದುಕೊಂಡರು.

"ಇದೆ," ಎಂದರು. ನಾಲಿಗೆಯನ್ನು ಬೆರಳಿನಿಂದ ತೋರಿಸಿ ಮತ್ತೆ ಹೇಳಿದರು, "ಇನ್ನೂ ಇದೆ."

ವಾರವಾರ ನೂರು ಮೈಲಿಯಿಂದ ನೀರು ತರುವುದು ಆಗದ ಮಾತು. ಅದಕ್ಕೂ ರಾಚಯ್ಯ ಲೆಕ್ಕ ಹಾಕಿಯೇ ಬಂದಿದ್ದರು: ಒಂದು ಪಾಲು ನಲ್ಲಿಯ ನೀರಿಗೆ ಎರಡು ಪಾಲು ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಗಡಸುತನ ಮೂರನೇ ಒಂದಕ್ಕೆ, ಎಂಬತ್ತೊಂಬತ್ತಕ್ಕೆ ಇಳಿಯುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಮೊರಿಟಾ ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದರು. ಹೊಸ ಸಾರಿನ ಒಂದು ಬಟ್ಟಲು ರಾಚಯ್ಯನವರ ಮುಂದಿಟ್ಟು, ಅವರು ಉಂಡು, ತೊಳೆದು, ಕುಡಿದು ಮುಗಿಸುವವರೆಗೆ ಎದುರು ನಿಂತಿದ್ದರು.

ಆಮೇಲೆ, ಇನ್ನು ಮುಂದೆ ನಿಮ್ಮ ಬಟ್ಟಲನ್ನು ನಾನು ಕೇಳುವುದಿಲ್ಲ ಎಂದರು. "ನೀವೇ ಹೇಳಬೇಕು. ಮಾತು ಬೇಡ. ಹತ್ತಕ್ಕೆ ಎಷ್ಟು?"

ರಾಚಯ್ಯ ಸಂಕಟಪಟ್ಟರು. ಪ್ರಸಾದಕ್ಕೆ ಹೆಸರಿಡಬಾರದೆಂದು ಅವ್ವ ಹೇಳಿದ್ದರು. ಅಂಕಿಯ ಬಗ್ಗೆ ಅವ್ವ ಏನೂ ಹೇಳಿರಲಿಲ್ಲ ಎಂಬುದು ಆಗ ಅವರಿಗೆ ನೆನಪಾಯಿತು. ಹೋದ ವಾರದ್ದಕ್ಕೆ ನಾಲ್ಕು, ಇದಕ್ಕೆ ಎಂಟು ಎಂದರು. ಎಳೆ ಬೇಯಿಸಿದ ಬರೀ ನೀರಿಗೆ ಎಷ್ಟು ಎಂದು ಮೊರಿಟಾ ಕೇಳಿದರು. ಒಂದು, ಬಿಸಿ ಇತ್ತು ಎಂದರು ರಾಚಯ್ಯ. ಮೊರಿಟಾ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕರು. ಕ್ಯಾಲೆಂಡರಿನ ಹದಿನೆಂಟನೆಯ ಮನೆಯಲ್ಲಿ ಮೂರೂ ಅಂಕಿಗಳನ್ನು ಬರೆದರು.

ಅವರು ಲೀಸ್‌ಗೆ ಸಹಿ ಹಾಕಿದರು. ಐದು ವರ್ಷ ಮುಗಿದ ಮೇಲೆ ಇನ್ನೆರಡು ವರ್ಷ ಮುಂದುವರಿಸಿದರು. ತಿಂಗಳಿಗೊಮ್ಮೆ ರಾಚಯ್ಯ ಬಟ್ಟಲು ತೊಳೆದು ಕುಡಿದು ಒಂದು ಅಂಕಿ ಹೇಳುತ್ತಿದ್ದರು. ಏಳು, ಏಳೂವರೆ, ಎಂಟು. ಒಮ್ಮೆ ಮಾತ್ರ, 1983ರ ನವೆಂಬರಿನಲ್ಲಿ, ಎಂಟೂವರೆ. ಅದಕ್ಕಿಂತ ಮೇಲೆ ಎಂದೂ ಹೋಗಲಿಲ್ಲ. ಒಂದು ಸಲ ಐದು ಎಂದಾಗ ಮೊರಿಟಾ ಚೀಟಿಯ ಕಡೆ ನೋಡಿ, ಅವತ್ತು ಡಿಸ್ಟಿಲ್ಡ್ ವಾಟರ್ ಮುಗಿದುಹೋಗಿತ್ತೆಂದು ಒಪ್ಪಿಕೊಂಡರು. ಎಪ್ಪತ್ತಮೂರನೆಯ ವಯಸ್ಸಿಗೆ, 1986ರಲ್ಲಿ, ಮಂಡಿ ನೋವಿನಿಂದ ಅಂಗಡಿ ಮುಚ್ಚಿದಾಗ ಆ ಎಂಟು ಕ್ಯಾಲೆಂಡರುಗಳನ್ನೂ ಸುರುಳಿ ಸುತ್ತಿ ರಾಚಯ್ಯನವರ ಕೈಗೆ ಕೊಟ್ಟರು. ನಾಲಿಗೆ ಹೇಗಿದೆ ಎಂದು ರಾಚಯ್ಯ ವಿಚಾರಿಸಿದರು. ಮಂಡಿಗಿಂತ ಚೆನ್ನಾಗಿದೆ ಎಂದರು ಮೊರಿಟಾ.

ರಾಚಯ್ಯ 1989ರಲ್ಲಿ ರಿಟೈರ್ ಆದರು. ಮನೆಯಲ್ಲಿ ಕಪಾಟು ತೆರವು ಮಾಡುವಾಗ ಜಯದೇವಿಗೆ ಆ ಕ್ಯಾಲೆಂಡರುಗಳು ಸಿಕ್ಕವು. ಒಂದೊಂದನ್ನೂ ಬಿಡಿಸಿ, ಕನ್ನಡಕ ಹಾಕಿಕೊಂಡು, ಪ್ರತಿ ತಿಂಗಳ ಎರಡನೆಯ ಭಾನುವಾರವನ್ನು ಓದಿದರು. ಎಂಟೂವರೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕುಳಿತರು. ಅವತ್ತು ಮಧ್ಯಾಹ್ನ ಎಂದಿನ ತೊಗರಿಬೇಳೆ ಸಾರನ್ನೇ ಮಾಡಿದರು. ರಾಚಯ್ಯ ಉಂಡರು, ತಾಟಿಗೆ ನೀರು ಹಾಕಿ ತೊಳೆದರು, ಕುಡಿದರು, ತಳ ಒರೆಸಿದರು. ಜಯದೇವಿ ಎದ್ದು ಹೋಗಲಿಲ್ಲ.

"ಹತ್ತು ವರ್ಷದ ಹಿಂದ ಒಂದು ಮಾತು ಕೇಳಿದ್ದೆ. ಡೈರಿ ಹುಡುಕಾಕ ಹೋದವ್ರು ಇನ್ನೂ ಬಂದಿಲ್ಲ," ಎಂದರು. "ಇವತ್ತ ಹೇಳ್ರಿ. ಹತ್ತಕ್ಕ ಎಷ್ಟು?"

ರಾಚಯ್ಯ ಕ್ಯಾಲೆಂಡರ್ ಸುರುಳಿಯ ಕಡೆ ನೋಡಿದರು, ತೊಳೆದ ತಾಟಿನ ಕಡೆ ನೋಡಿದರು. ಮೂವತ್ತು ವರ್ಷದ ಸಾರುಗಳನ್ನು ಮನಸ್ಸಿನಲ್ಲೇ ಸರಾಸರಿ ಮಾಡುತ್ತಿರುವವರಂತೆ ತುಟಿ ಅಲ್ಲಾಡಿಸಿದರು. ಆಮೇಲೆ ತಲೆ ಎತ್ತಿ, ಲ್ಯಾಬಿನಲ್ಲಿ ಓದಿ ಹೇಳುತ್ತಿದ್ದ ಅದೇ ಧ್ವನಿಯಲ್ಲಿ, ಹೆಂಡತಿಯ ಮುಖ ನೋಡುತ್ತ ಹೇಳಿದರು:

"ಎಂಟೂಮುಕ್ಕಾಲು."